ಮನೆ ಕೊಳ್ಳುವ ಮೊದಲು ಕೊನೆಯ ಕಂಬ ನೋಡಿ: ಕಾಸರಗೋಡಿನ ಕಡೆ ಫೋನು, ಇಂಟರ್‌ನೆಟ್ ಹೊಂದಿಸಿಕೊಳ್ಳುವ ಬಗೆ

ಕಾಸರಗೋಡಿನ ಕಡೆ ಮನೆ ನೋಡಲು ಹೋದವರು ಮೊದಲು ಬಾವಿಗೆ ಇಣುಕುತ್ತಾರೆ. ಏಪ್ರಿಲ್ ಕೊನೆಗೆ ನೀರು ಎಷ್ಟಿರುತ್ತದೆ, ಅಂಗಳದವರೆಗೆ ಲಾರಿ ಬರುತ್ತದಾ, ಕರೆಂಟು ಸಿಂಗಲ್ ಫೇಸಾ ತ್ರೀ ಫೇಸಾ, ಜಾಗದ ರೆಕಾರ್ಡು ಸರಿ ಉಂಟಾ ಎಂದೆಲ್ಲ ಕೇಳುತ್ತಾರೆ. ಇಂಟರ್‌ನೆಟ್ ವಿಷಯ ಬಂದಾಗ ಮಾತ್ರ ಬ್ರೋಕರ್ "ಅದೆಲ್ಲ ಉಂಟು ಮಾರಾಯ್ರೆ, ಈಗ ಎಲ್ಲಿ ಇಲ್ಲ?" ಎಂದರೆ ಸಾಕು, ತಲೆಯಾಡಿಸಿ ಮುಂದೆ ಹೋಗುತ್ತೇವೆ.

ಬಾವಿಯಲ್ಲಿ ನೀರು ಕಡಿಮೆಯಾದರೆ ಆಳ ಮಾಡಿಸಬಹುದು, ಬೋರ್ ಕೊರೆಸಬಹುದು. ಬೈಲಿನ ತಳದ ಮನೆಗೆ ಟವರ್ ತರಿಸಲು ನಮ್ಮ ಕೈಯಲ್ಲಿ ಆಗದು. 2020ರಲ್ಲಿ ತಲಪಾಡಿ ಗಡಿ ಮುಚ್ಚಿ, ಶಾಲೆಯೂ ಆಫೀಸೂ ಮೊಬೈಲಿಗೆ ಬಂದು ಕೂತಾಗ ಮಕ್ಕಳು ಪುಸ್ತಕ ಹಿಡಿದು ಗುಡ್ಡೆ ಹತ್ತಿದ್ದು ನಮ್ಮ ಊರುಗಳಲ್ಲಿ ಯಾರಿಗೂ ಮರೆತಿಲ್ಲ. ಈಗ ಪರಿಸ್ಥಿತಿ ಬಹಳ ಸುಧಾರಿಸಿದೆ. ಆದರೆ ಸುಧಾರಿಸಿದ್ದು ರಸ್ತೆ ಬದಿಯಲ್ಲಿ ಜಾಸ್ತಿ, ತೋಟದ ಒಳಗೆ ಕಡಿಮೆ. ನೀವು ಕೊಳ್ಳುವ ಮನೆ ಇವೆರಡರ ನಡುವೆ ಎಲ್ಲಿ ಬರುತ್ತದೆ ಎಂಬುದು ಅಡ್ವಾನ್ಸ್ ಕೊಡುವ ಮೊದಲೇ ಗೊತ್ತಾಗಬೇಕು.

ಗೇಟಿನ ಹತ್ತಿರ ಅಲ್ಲ, ಅಡುಗೆಮನೆಯಲ್ಲಿ ನೋಡಿ

ನಮ್ಮ ಜಿಲ್ಲೆಯ ಭೂಮಿ ಮಟ್ಟಸವಲ್ಲ. ಮೇಲೆ ಮುರಕಲ್ಲಿನ ಪದವು, ಕೆಳಗೆ ಬೈಲು, ಅದರಲ್ಲಿ ತೋಟ. ಬದಿಯಡ್ಕ, ಪೆರ್ಲ, ಪೈವಳಿಕೆ, ಮುಳ್ಳೇರಿಯ ಕಡೆ ಮನೆಗಳು ಹೆಚ್ಚಾಗಿ ಇಳಿಜಾರಿನಲ್ಲೋ ಬೈಲಿನ ಅಂಚಿನಲ್ಲೋ ಇರುತ್ತವೆ. ಮೇಲಿನ ರಸ್ತೆಯಲ್ಲಿ ಕಾರು ನಿಲ್ಲಿಸಿದಾಗ ಫೋನಿನಲ್ಲಿ ನಾಲ್ಕು ಕಡ್ಡಿ. ಮೆಟ್ಟಿಲಿಳಿದು ಅಂಗಳಕ್ಕೆ ಬಂದಾಗ ಎರಡು. ಒಳಗೆ ಹೋಗಿ ಅಡುಗೆಮನೆಯಲ್ಲಿ ನಿಂತರೆ ಕಡ್ಡಿಯೂ ಇಲ್ಲ, ಮಾತೂ ಇಲ್ಲ. ದಪ್ಪ ಮುರಕಲ್ಲಿನ ಗೋಡೆ, ಮೇಲೆ ಕಾಂಕ್ರೀಟು, ಅದರ ಮೇಲೆ ಸೋರದಿರಲಿ ಎಂದು ಹಾಕಿದ ತಗಡಿನ ಶೀಟು. ಇವು ಮೂರೂ ಸೇರಿದರೆ ಸಿಗ್ನಲ್ ಒಳಗೆ ಬರುವುದಾದರೂ ಹೇಗೆ?

ಹಾಗಾಗಿ ಮನೆ ನೋಡಲು ಹೋಗುವಾಗ ಬೇರೆ ಬೇರೆ ಕಂಪನಿಯ ಸಿಮ್ ಇರುವ ಫೋನುಗಳನ್ನು ತೆಗೆದುಕೊಂಡು ಹೋಗಿ. ಜಿಯೋ, ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ನಾಲ್ಕೂ ಸಿಕ್ಕಿದರೆ ಒಳ್ಳೆಯದು. ಜೊತೆಗೆ ಬರುವ ಭಾವನದ್ದೋ ಅತ್ತಿಗೆಯದ್ದೋ ಫೋನು ಸಾಕು, ಹೊಸ ಸಿಮ್ ಕೊಳ್ಳಬೇಕೆಂದಿಲ್ಲ. ಪ್ರತಿ ಕೋಣೆಯಲ್ಲೂ ಬಾಗಿಲು ಹಾಕಿಕೊಂಡು ಒಂದು ಕಾಲ್ ಮಾಡಿ ನೋಡಿ.

ಕಡ್ಡಿಗಳ ಲೆಕ್ಕವನ್ನು ಜಾಸ್ತಿ ನಂಬಬೇಡಿ. ಒಂದೊಂದು ಫೋನು ಒಂದೊಂದು ರೀತಿ ತೋರಿಸುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ 'ಅಬೌಟ್ ಫೋನ್', ಅದರಲ್ಲಿ 'ಸಿಮ್ ಸ್ಟೇಟಸ್' ತೆರೆದರೆ ಡಿಬಿಎಂ ಎಂಬ ಅಳತೆಯಲ್ಲಿ ಸಿಗ್ನಲ್ ಕಾಣುತ್ತದೆ. ಅದು ಮೈನಸ್ ಸಂಖ್ಯೆ, ಸೊನ್ನೆಗೆ ಹತ್ತಿರವಾದಷ್ಟು ಒಳ್ಳೆಯದು. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಆರಾಮ. ಮೈನಸ್ 100 ದಾಟಿದರೆ ಕೆಲಸ ನಡೆಯುತ್ತದೆ, ಅಷ್ಟೇ. ಮೈನಸ್ 110ಕ್ಕಿಂತ ಕೆಳಗಿಳಿದರೆ ಮಳೆ ಬಂದ ದಿನ ಕಾಲ್ ಹೋಗುವುದು ಅದೃಷ್ಟ. ವೇಗ ನೋಡಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಇದೆ. ಬೆಳಿಗ್ಗೆ ಹನ್ನೊಂದಕ್ಕೆ ನೋಡಿ ಖುಷಿಪಟ್ಟು ಬರಬೇಡಿ. ರಾತ್ರಿ ಎಂಟಕ್ಕೆ, ಊರಿನವರೆಲ್ಲ ಮನೆಗೆ ಬಂದು ಮೊಬೈಲ್ ಹಿಡಿದಾಗ ಬರುವ ವೇಗವೇ ಆ ಜಾಗದ ನಿಜವಾದ ವೇಗ. ಕಂಪನಿಗಳ ವೆಬ್‌ಸೈಟಿನಲ್ಲಿ ಕವರೇಜ್ ನಕ್ಷೆ ಸಿಗುತ್ತದೆ. ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಪೋರ್ಟಲಿನಲ್ಲಿ ಹತ್ತಿರದ ಟವರ್ ಎಲ್ಲಿದೆ ಎಂದೂ ನೋಡಬಹುದು. ಅವನ್ನು ನೋಡಿಯೇ ಹೊರಡಿ. ಆದರೆ ನಕ್ಷೆಗೆ ಗುಡ್ಡೆಯ ಹಿಂದಿನ ಅಡುಗೆಮನೆ ಕಾಣುವುದಿಲ್ಲ.

ಇದಕ್ಕಿಂತ ಒಳ್ಳೆಯ ಪರೀಕ್ಷೆ ಅಂದರೆ ನೆರೆಮನೆಯ ಅಕ್ಕನ ಹತ್ತಿರ ಕೇಳುವುದು. "ನೆಟ್ ಹೇಗುಂಟು?" ಎಂದರೆ "ಪರವಾಗಿಲ್ಲ" ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯದು. "ಜುಲೈಯಲ್ಲಿ ಎರಡು ದಿನ ಕರೆಂಟು ಹೋದರೆ ಯಾವ ಸಿಮ್ ಕೊನೆಯವರೆಗೆ ಇರ್ತದೆ?" ಎಂದು ಕೇಳಿ. ಆಗ ನಿಜ ಸಂಗತಿ ಹೊರಗೆ ಬರುತ್ತದೆ. ಟವರಿಗೂ ಕರೆಂಟು ಬೇಕಲ್ವಾ? ಬ್ಯಾಟರಿ ಮುಗಿದು, ಜನರೇಟರಿಗೆ ಡೀಸೆಲ್ ಬಾರದಿದ್ದರೆ ಟವರ್ ಸುಮ್ಮನಾಗುತ್ತದೆ. ಯಾವ ಟವರ್ ಎಷ್ಟು ಹೊತ್ತು ತಡೆಯುತ್ತದೆ ಎಂದು ಆ ಊರಿನವರಿಗೆ ಬಾಯಿಪಾಠ ಇರುತ್ತದೆ.

ಕೇಬಲ್ ಯಾರ ಜಾಗದ ಮೇಲೆ ಬರುತ್ತದೆ?

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ.

ಬ್ರಾಡ್‌ಬ್ಯಾಂಡ್ ಎಂದರೆ ಈಗ ಫೈಬರ್, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆ. ಹಳೆಯ ತಾಮ್ರದ ತಂತಿಯ ಕಾಲ ಮುಗಿಯಿತು. ಫೈಬರ್ ನಮ್ಮ ಕಡೆ ಹೆಚ್ಚಾಗಿ ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಕಂಬದ ಮೇಲೆ ಬರುತ್ತದೆ. ಎಲ್ಲೋ ಒಂದು ಕಂಬದಲ್ಲಿ, ಒಂದು ಫೈಬರನ್ನು ಹಲವು ಮನೆಗಳಿಗೆ ಹಂಚುವ ಸಣ್ಣ ಸ್ಪ್ಲಿಟರ್ ಬಾಕ್ಸ್ ಇರುತ್ತದೆ. ಅಲ್ಲಿಂದ ನಿಮ್ಮ ಮನೆಗೆ ತೆಳ್ಳಗಿನ ಕಪ್ಪು ಕೇಬಲ್ ಎಳೆಯುತ್ತಾರೆ. ಆ ಬಾಕ್ಸಿನಿಂದ ನಿಮ್ಮ ಗೋಡೆಯವರೆಗಿನ ದಾರಿಯೇ ನಿಮ್ಮ ಇಂಟರ್‌ನೆಟ್‌ನ ಹಣೆಬರಹ. ಜಾಹೀರಾತಿನಲ್ಲಿ 300 ಎಂಬಿಪಿಎಸ್ ಎಂದಿರಲಿ, 1 ಜಿಬಿಪಿಎಸ್ ಎಂದಿರಲಿ, ಬಾಕ್ಸ್ ಅರ್ಧ ಕಿಲೋಮೀಟರ್ ದೂರವಿದ್ದು ನಡುವೆ ಮೂವರ ತೋಟ ಇದ್ದರೆ ಲೆಕ್ಕ ಬೇರೆಯೇ.

ತೋಟದ ನಡುವೆ ಕಂಬ ಇರುವುದಿಲ್ಲ. ಹಾಗಾಗಿ ಕೇಬಲನ್ನು ಅಡಿಕೆ ಮರಕ್ಕೆ ಕಟ್ಟುತ್ತಾ ಬರುತ್ತಾರೆ. ಒಂದು ಮರದಿಂದ ಇನ್ನೊಂದಕ್ಕೆ, ಅಲ್ಲಿಂದ ತೋಡು ದಾಟಿ ತೆಂಗಿನ ಮರಕ್ಕೆ, ಅಲ್ಲಿಂದ ನಿಮ್ಮ ಹಟ್ಟಿಯ ಮಾಡಿಗೆ. ಬೇಸಿಗೆಯಲ್ಲಿ ನೋಡಲು ಏನೂ ತೊಂದರೆ ಕಾಣುವುದಿಲ್ಲ. ಜೂನ್ ಗಾಳಿಗೆ ಒಂದು ತೆಂಗಿನ ಮಡಲು ಬಿದ್ದರೆ ಸಾಕು, ಕೇಬಲ್ ಕಡಿದು ನೆಲಕ್ಕೆ. ಮಡಲು ಬೀಳದಿದ್ದರೆ ಅಡಿಕೆ ಸೋಗೆ. ಅದೂ ಇಲ್ಲದಿದ್ದರೆ ಅಳಿಲು. ಇನ್ನು ನೆರೆಯವರು ಆ ಅಡಿಕೆ ಮರವನ್ನೇ ಕಡಿಸಿದರೆ? ಅವರ ಮರ, ಅವರ ಇಷ್ಟ. ಇವತ್ತು "ಅದಕ್ಕೇನು, ಎಳೀರಿ" ಎಂದವರು ನಾಳೆ ಗಡಿಕಲ್ಲಿನ ತಕರಾರು ಬಂದರೆ ಮೊದಲು ಕಡಿಯುವುದು ನಿಮ್ಮ ಕೇಬಲನ್ನೇ.

ಆದ್ದರಿಂದ ಹೀಗೆ ಮಾಡಿ. ಆ ಊರಿನ ಕೇಬಲ್‌ನವರು ಯಾರು ಎಂದು ಹತ್ತಿರದ ಅಂಗಡಿಯಲ್ಲಿ ಕೇಳಿ. ಅವರನ್ನು ಕರೆಸಿ ಜಾಗ ತೋರಿಸಿ. ಸ್ಪ್ಲಿಟರ್ ಬಾಕ್ಸ್ ಯಾವ ಕಂಬದಲ್ಲಿದೆ, ಅದರಲ್ಲಿ ಪೋರ್ಟ್ ಖಾಲಿ ಉಂಟಾ, ಅಲ್ಲಿಂದ ಇಲ್ಲಿಗೆ ಎಷ್ಟು ಮೀಟರ್ ಕೇಬಲ್ ಬೇಕು, ಎಷ್ಟು ಮೀಟರಿನವರೆಗೆ ಉಚಿತ, ಮೇಲಿನದಕ್ಕೆ ಎಷ್ಟು ಎಂದು ಕೇಳಿ. ಕೇಳಿದ್ದನ್ನು ವಾಟ್ಸ್ಆ್ಯಪಿನಲ್ಲಿ ಬರೆದು ಕಳಿಸಲು ಹೇಳಿ. ಬಾಕ್ಸಿನಿಂದ ಮನೆಯವರೆಗೆ ನೀವೂ ಅವರ ಜೊತೆ ನಡೆದು ಬನ್ನಿ. ದಾರಿಯಲ್ಲಿ ಯಾರ ಜಾಗ ಬರುತ್ತದೆಂದು ನೋಡಿಕೊಳ್ಳಿ. ಮನೆಗೆ ಬರುವ ಪಂಚಾಯತ್ ರಸ್ತೆ ಅಥವಾ ನಿಮ್ಮ ಹಕ್ಕಿನ ದಾರಿಯ ಬದಿಯಲ್ಲೇ ಕೇಬಲ್ ತರಲು ಆಗುವುದಾದರೆ, ಐವತ್ತು ಮೀಟರ್ ಜಾಸ್ತಿಯಾದರೂ ಅದೇ ಒಳ್ಳೆಯದು.

ಕೇಬಲ್ ದಾರಿ, ಮನೆ ಮಾರುವವರ ಉಳಿದ ಜಾಗದ ಮೇಲೆಯೇ ಬರುವುದಿದ್ದರೆ, ಅದು ಕರಾರು ಮಾಡುವಾಗಲೇ ಇತ್ಯರ್ಥವಾಗಲಿ. ನೀರಿನ ಪೈಪು, ಕರೆಂಟಿನ ಸರ್ವಿಸ್ ವಯರು ಹಾದುಹೋಗುವ ಹಕ್ಕು ಬರೆಯುವ ಕಡೆ "ಹಾಗೂ ದೂರವಾಣಿ, ಇಂಟರ್‌ನೆಟ್ ಕೇಬಲ್" ಎಂದು ನಾಲ್ಕು ಶಬ್ದ ಸೇರಿಸಲು ದಸ್ತಾವೇಜು ಬರೆಯುವವರಿಗೆ ಹೇಳಿ. ಮಾರುವವರು ಆ ಹೊತ್ತಿನಲ್ಲಿ ಇಲ್ಲ ಎನ್ನುವುದು ಕಡಿಮೆ. ನೋಂದಣಿ ಮುಗಿದ ಮೇಲೆ ಕೇಳಿದರೆ ಮುಖ ತಿರುಗಿಸುವುದು ಜಾಸ್ತಿ.

ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ, ತಲಪಾಡಿಯಿಂದ ಚೆಂಗಳದವರೆಗಿನ ಊರುಗಳಲ್ಲಿ ಮನೆ ನೋಡುವವರಿಗೆ ಇನ್ನೊಂದು ಮಾತು. ಆರು ಪಥದ ಕೆಲಸದಲ್ಲಿ ಕಂಬಗಳೂ ಕೇಬಲುಗಳೂ ಜಾಗ ಬದಲಿಸಿವೆ. ಹೆದ್ದಾರಿಯ ಈ ಬದಿಯಲ್ಲಿ ಬಾಕ್ಸ್ ಇದ್ದು ಮನೆ ಆ ಬದಿಯಲ್ಲಿದ್ದರೆ ಕೇಬಲನ್ನು ಸುಮ್ನೆ ರಸ್ತೆ ದಾಟಿಸಲು ಆಗುವುದಿಲ್ಲ. ನಿಮ್ಮ ಬದಿಯಲ್ಲಿ ಲೈನ್ ಉಂಟಾ ಎಂದು ಕೇಳಿ.

ಕಂಪನಿಯಲ್ಲ, ಲೈನ್ ನೋಡುವವರನ್ನು ಆರಿಸಿ

ಬಿಎಸ್‌ಎನ್‌ಎಲ್ ಫೈಬರ್, ಕೇರಳ ವಿಷನ್, ಏಷ್ಯಾನೆಟ್, ಜಿಯೋ, ಏರ್‌ಟೆಲ್, ಕೇರಳ ಸರಕಾರದ ಕೆ-ಫೋನ್. ಹೆಸರು ತುಂಬಾ ಇವೆ. ಪೇಟೆ ಬಿಟ್ಟು ಒಳಗೆ ಹೋದ ಹಾಗೆ ಆಯ್ಕೆ ಒಂದೋ ಎರಡೋ ಆಗುತ್ತದೆ.

ಹೊರಗಿನಿಂದ ಬಂದವರಿಗೆ ಗೊತ್ತಿರದ ಸಂಗತಿ ಒಂದಿದೆ. ಬಿಎಸ್‌ಎನ್‌ಎಲ್ ಫೈಬರನ್ನು ಮನೆಗೆ ತರುವುದು ಹಲವು ಕಡೆ ಅವರ ಜೊತೆ ಒಪ್ಪಂದ ಮಾಡಿಕೊಂಡ ಸ್ಥಳೀಯರು. ಕೇರಳ ವಿಷನ್ ಎಂಬುದೇ ಕೇಬಲ್ ಟಿವಿಯವರೆಲ್ಲ ಸೇರಿ ಕಟ್ಟಿದ್ದು. ಕೆ-ಫೋನ್ ಕೂಡ ಮನೆ ಕನೆಕ್ಷನ್ ಕೊಡುವುದು ಸ್ಥಳೀಯ ಕೇಬಲ್‌ನವರ ಮೂಲಕ. ಅಂದರೆ ಬಿಲ್ಲಿನ ಮೇಲೆ ಯಾವ ಹೆಸರಿದ್ದರೂ ಮಳೆಯಲ್ಲಿ ಏಣಿ ಹೊತ್ತು ಬರುವವರು ಊರಿನ ಒಬ್ಬರೇ ಇರಬಹುದು. ನಿಮ್ಮ ನಿಜವಾದ ಆಯ್ಕೆ ಅವರದ್ದು. ಲೈನ್ ಕಡಿದರೆ ಎಷ್ಟು ದಿನದಲ್ಲಿ ಬರುತ್ತಾರೆ, ಫೋನ್ ಎತ್ತುತ್ತಾರಾ, ಕೇಬಲ್ ಸಾಕಷ್ಟು ದಾಸ್ತಾನು ಇಟ್ಟಿರುತ್ತಾರಾ ಎಂದು ಅವರ ಈಗಿನ ಗಿರಾಕಿಗಳಲ್ಲಿ ಕೇಳಿ. ದೊಡ್ಡ ಹೆಸರಿನ ಕಂಪನಿಗಿಂತ ಮರುದಿನ ಬರುವ ಮನುಷ್ಯ ಮೇಲು. ಇದು ನನ್ನ ಗಟ್ಟಿ ಅಭಿಪ್ರಾಯ.

ಕೆ-ಫೋನ್ 2023ರ ಜೂನ್ 5ರಂದು ಉದ್ಘಾಟನೆಯಾಯಿತು. ಆಗ 20 ಎಂಬಿಪಿಎಸ್ ಪ್ಲ್ಯಾನಿಗೆ ತಿಂಗಳಿಗೆ 299 ರೂಪಾಯಿ ಇಟ್ಟಿದ್ದರು, ಜಿಎಸ್‌ಟಿ ಬೇರೆ. ಯಾವುದೇ ಕಂಪನಿಯ ದರ ಕೇಳುವಾಗ ಈ 18 ಶೇಕಡಾ ಜಿಎಸ್‌ಟಿ ಸೇರಿಸಿ ಕೇಳಿ. 599 ಎಂದು ಹೇಳಿದ್ದು ಬಿಲ್ಲಿನಲ್ಲಿ 707 ಆಗುವುದು ಹಾಗೆ. ಮೋಡೆಮ್ ನಿಮ್ಮದಾ ಬಾಡಿಗೆಯದ್ದಾ, ಕನೆಕ್ಷನ್ ಬಿಟ್ಟಾಗ ವಾಪಸ್ ಕೊಡಬೇಕಾ, ಡೆಪಾಸಿಟ್ ಎಷ್ಟು, ತಿಂಗಳ ಡೇಟಾ ಮಿತಿ ಮುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂಬುದೂ ಮೊದಲೇ ಗೊತ್ತಿರಲಿ.

ಎಷ್ಟು ವೇಗ ಬೇಕು? ನಾಲ್ಕು ಜನರ ಮನೆಗೆ, ಒಬ್ಬರು ಆಫೀಸ್ ಕೆಲಸ ಮಾಡುತ್ತಾ ಇನ್ನೊಬ್ಬರು ಟಿವಿಯಲ್ಲಿ ಸಿನಿಮಾ ನೋಡುತ್ತಾ ಇದ್ದರೂ 50ರಿಂದ 100 ಎಂಬಿಪಿಎಸ್ ಧಾರಾಳ. ಅದಕ್ಕಿಂತ ಮೇಲಿನದಕ್ಕೆ ಹಣ ಹಾಕುವ ಬದಲು ಎರಡನೇ ದಾರಿಗೆ ಹಾಕಿ. ಅಂದರೆ ಫೈಬರ್ ಒಂದು ಕಂಪನಿಯದ್ದು, ಹಾಟ್‌ಸ್ಪಾಟಿಗೆ ಇಡುವ ಸಿಮ್ ಇನ್ನೊಂದು ಕಂಪನಿಯದ್ದು.

ಫೈಬರ್ ಬರುವುದೇ ಇಲ್ಲ ಎಂದಾದರೆ ಏರ್‌ಫೈಬರ್ ಇದೆ. ಟೆರೇಸಿನ ಮೇಲೆ ಒಂದು ಪೆಟ್ಟಿಗೆ ಇಟ್ಟು 5ಜಿ ಟವರಿನಿಂದ ಸಿಗ್ನಲ್ ಹಿಡಿಯುವುದು. ಜಿಯೋ, ಏರ್‌ಟೆಲ್ ಎರಡೂ 2023ರಲ್ಲಿ ಶುರು ಮಾಡಿದವು. ಪದವಿನ ಮೇಲಿನ ಮನೆಗೆ ಚೆನ್ನಾಗಿ ಹೊಂದುತ್ತದೆ. ಸುತ್ತ ಎತ್ತರದ ತೋಟ ಇರುವ ಬೈಲಿನ ಮನೆಗೆ, ಅವರು ಬಂದು ಪರೀಕ್ಷೆ ಮಾಡಿ ಆಗುತ್ತದೆ ಎನ್ನುವವರೆಗೆ ವರ್ಷದ ಹಣ ಕಟ್ಟಬೇಡಿ.

ಮಾರುವವರ ಹಳೆಯ ಕನೆಕ್ಷನ್

ಮನೆಯಲ್ಲಿ ಈಗಾಗಲೇ ಇಂಟರ್‌ನೆಟ್ ಇದ್ದರೆ "ಹಾಗೇ ಇರಲಿ, ನೀವು ಬಿಲ್ಲು ಕಟ್ಟುತ್ತಾ ಹೋಗಿ" ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಒಪ್ಪಬೇಡಿ. ಕನೆಕ್ಷನ್ ಅವರ ಹೆಸರಿನಲ್ಲಿ ಇರುವವರೆಗೆ ಓಟಿಪಿ ಹೋಗುವುದು ಅವರ ಮೊಬೈಲಿಗೆ. ದೂರು ಕೊಡಲೂ ಪ್ಲ್ಯಾನ್ ಬದಲಿಸಲೂ ಅವರನ್ನೇ ಕಾಡಬೇಕು. ಅವರು ಗಲ್ಫಿನಲ್ಲಿದ್ದರೆ ಮುಗಿಯಿತು. ಅವರಿಗೂ ಇದು ಒಳ್ಳೆಯದಲ್ಲ. ನಿಮ್ಮ ಮನೆಯ ವೈಫೈಯಿಂದ ಯಾರಾದರೂ ತಪ್ಪು ಕೆಲಸ ಮಾಡಿದರೆ ಪೊಲೀಸರು ಮೊದಲು ಹುಡುಕುವುದು ಕನೆಕ್ಷನ್ ಯಾರ ಹೆಸರಿನಲ್ಲಿದೆ ಎಂದು.

ಹೆಸರು ಬದಲಾವಣೆ ಮಾಡಿಸಿ. ಇಲ್ಲವೇ ಅದನ್ನು ಮುಚ್ಚಿಸಿ, ಅದೇ ಕೇಬಲಿನ ಮೇಲೆ ನಿಮ್ಮ ಹೆಸರಿನಲ್ಲಿ ಹೊಸದು ತೆಗೆದುಕೊಳ್ಳಿ. ಎಷ್ಟೋ ಸಲ ಎರಡನೆಯದೇ ಬೇಗ ಆಗುತ್ತದೆ. ಕೇಬಲ್ ಗೋಡೆಯವರೆಗೆ ಬಂದಿದೆ ಎಂಬುದೇ ನಿಮಗೆ ದೊಡ್ಡ ಲಾಭ. ಬಾಕಿ ಬಿಲ್ಲು ಎಲ್ಲ ಮುಗಿದಿದೆ ಎಂಬುದಕ್ಕೆ ಕೊನೆಯ ರಸೀದಿಯ ಪ್ರತಿ ಕೇಳಿ, ಕೆಎಸ್‌ಇಬಿ ಬಿಲ್ಲು ಕೇಳಿದ ಹಾಗೆಯೇ.

ಹಳೆಯ ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ನಂಬರು ಉಳಿಸಿಕೊಳ್ಳುವ ಆಸೆ ಕೆಲವರಿಗೆ. ಕಾಸರಗೋಡು, ಮುಳ್ಳೇರಿಯ ಕಡೆ 04994, ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕದ ಕಡೆ 04998, ಕಾಞಂಗಾಡಿಗೆ 0467. ತಾಮ್ರದ ಲೈನಿನಿಂದ ಅದೇ ಎಕ್ಸ್‌ಚೇಂಜಿನ ಫೈಬರಿಗೆ ಬರುವಾಗ ನಂಬರು ಉಳಿಸಿಕೊಳ್ಳಬಹುದು. ಆದರೆ ಮೊಬೈಲಿನ ಹಾಗೆ ಲ್ಯಾಂಡ್‌ಲೈನ್ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡುವ ವ್ಯವಸ್ಥೆ ನಮ್ಮ ದೇಶದಲ್ಲಿಲ್ಲ.

ಇನ್ನು ಸಿಸಿಟಿವಿ. ಮನೆಯ ಜೊತೆಗೆ ಕ್ಯಾಮೆರಾವನ್ನೂ ಬಿಟ್ಟುಹೋಗುವವರು ಬಹಳ. ಹಳೆಯ ಯಜಮಾನರ ಫೋನಿನಲ್ಲಿ ಆ ಆ್ಯಪ್ ಇನ್ನೂ ತೆರೆದಿದ್ದರೆ ನಿಮ್ಮ ಅಂಗಳ ಅವರಿಗೆ ದಿನವೂ ಕಾಣುತ್ತಿರುತ್ತದೆ. ಬೇಕೆಂದು ನೋಡುವುದಿಲ್ಲ, ಸರಿ. ಆದರೂ ಕೀಲಿ ಕೈಗೆ ತೆಗೆದುಕೊಳ್ಳುವ ದಿನವೇ ಅವರ ಖಾತೆಯಿಂದ ಕ್ಯಾಮೆರಾ ತೆಗೆಸಿ, ರೆಕಾರ್ಡರನ್ನು ರೀಸೆಟ್ ಮಾಡಿ ಹೊಸ ಪಾಸ್‌ವರ್ಡ್ ಹಾಕಿ. ವೈಫೈ ರೂಟರಿಗೂ ಇದೇ ಮಾತು.

ಸಿಮ್ ಕರ್ನಾಟಕದ್ದಾ, ಕೇರಳದ್ದಾ?

ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ಬಂದು ಇಲ್ಲಿ ಮನೆ ಮಾಡುವವರು ಕೇಳುವ ಪ್ರಶ್ನೆ ಇದು. ಸಿಮ್ ಬದಲಿಸಲೇಬೇಕು ಎಂದೇನಿಲ್ಲ. ಈಗಿನ ಅನ್‌ಲಿಮಿಟೆಡ್ ಪ್ಲ್ಯಾನುಗಳಲ್ಲಿ ರೋಮಿಂಗಿಗೆ ಬೇರೆ ದುಡ್ಡಿಲ್ಲ. ಬ್ಯಾಂಕು, ಆಧಾರ್, ಪಾನ್ ಎಲ್ಲಕ್ಕೂ ಜೋಡಿಸಿದ ನಂಬರನ್ನು ಮುಟ್ಟದಿರುವುದೇ ವಾಸಿ. ಕರ್ನಾಟಕದ ಸಿಮ್‌ಗೆ ಕಸ್ಟಮರ್ ಕೇರ್ ಕನ್ನಡದಲ್ಲಿ ಸಿಗುತ್ತದೆ, ಕೇರಳದ ಸಿಮ್‌ಗೆ ಮಲಯಾಳದಲ್ಲಿ. ವಯಸ್ಸಾದ ಅಪ್ಪ ಅಮ್ಮನಿಗೆ ಇದು ಸಣ್ಣ ವಿಷಯವಲ್ಲ.

ಕಂಪನಿ ಬದಲಿಸಬೇಕಾದರೆ ನಂಬರು ಅದೇ ಇಟ್ಟುಕೊಂಡು ಪೋರ್ಟ್ ಮಾಡಿ. ಇಂಗ್ಲಿಷ್ ಅಕ್ಷರದಲ್ಲಿ 'ಪೋರ್ಟ್' ಎಂದು ಬರೆದು, ಜಾಗ ಬಿಟ್ಟು ನಿಮ್ಮ ಮೊಬೈಲ್ ನಂಬರು ಹಾಕಿ 1900ಕ್ಕೆ ಎಸ್‌ಎಂಎಸ್ ಕಳಿಸಿದರೆ ಒಂದು ಕೋಡ್ ಬರುತ್ತದೆ. ಅದಕ್ಕೆ ನಾಲ್ಕು ದಿನ ಆಯುಷ್ಯ. ಒಂದೇ ರಾಜ್ಯದೊಳಗೆ ಆದರೆ ಮೂರು ಕೆಲಸದ ದಿನ, ಕರ್ನಾಟಕದಿಂದ ಕೇರಳಕ್ಕೆ ಆದರೆ ಐದು ಹಿಡಿಯುತ್ತದೆ. ಸಿಮ್ ಕಳೆದು ಬದಲಿ ಸಿಮ್ ತೆಗೆದುಕೊಂಡಿದ್ದರೆ ಮೊದಲ ಏಳು ದಿನ ಪೋರ್ಟ್ ಆಗುವುದಿಲ್ಲ. 2024ರ ಜುಲೈಯಿಂದ ಈ ನಿಯಮ ಬಂದಿದೆ. ಜಾಗದ ನೋಂದಣಿ, ಬ್ಯಾಂಕ್ ಲೋನು ಓಡಾಡುತ್ತಿರುವ ವಾರದಲ್ಲಿ ಮಾತ್ರ ಪೋರ್ಟ್ ಮಾಡಲು ಹೋಗಬೇಡಿ. ಓಟಿಪಿ ಬಾರದೆ ಕೂರಬೇಕಾದೀತು.

ಗಡಿಗೆ ತಾಗಿದ ಮನೆಯಾದರೆ, ತಲಪಾಡಿಯೋ, ಪೆರ್ಲದಿಂದ ಅಡ್ಯನಡ್ಕಕ್ಕೆ ಹೋಗುವ ದಾರಿಯ ಸಾರಡ್ಕವೋ, ಅಲ್ಲಿ ಫೋನು ಒಮ್ಮೆ ಕೇರಳದ ಟವರ್, ಇನ್ನೊಮ್ಮೆ ಕರ್ನಾಟಕದ ಟವರ್ ಹಿಡಿಯುತ್ತದೆ. ಮಾತಿನ ನಡುವೆ ಕಟ್ ಆಗುವುದುಂಟು. ದುಡ್ಡಿನ ನಷ್ಟ ಏನಿಲ್ಲ. ಆದರೆ 112ಕ್ಕೆ ಕರೆ ಮಾಡಿದರೆ ಅದು ಆಚೆ ರಾಜ್ಯದ ಕಂಟ್ರೋಲ್ ರೂಮಿಗೆ ಹೋಗಿಬಿಡಬಹುದು. ನಿಮ್ಮ ಠಾಣೆಯ ಮತ್ತು ಹತ್ತಿರದ ಆಸ್ಪತ್ರೆಯ ನಂಬರನ್ನು ಬೇರೆಯಾಗಿ ಬರೆದಿಡಿ.

ಕೇಬಲ್ ಎಳೆಯುವ ದಿನ

ಮನೆಗೆ ಬಣ್ಣ ಹೊಡೆಸುವ ಮೊದಲೇ ಈ ಕೆಲಸ ಆಗಲಿ. ಎಲೆಕ್ಟ್ರಿಶಿಯನ್ ಬಂದಿರುವಾಗಲೇ ಸಿಟೌಟಿನ ಹೊರಗಿನಿಂದ ಹಾಲಿಗೆ ಒಂದು ಖಾಲಿ ಪೈಪು, ಹಾಲಿನಿಂದ ಮಾಳಿಗೆಗೆ ಮತ್ತು ಕೆಲಸದ ಕೋಣೆಗೆ ಒಂದೊಂದು ಕ್ಯಾಟ್ ಸಿಕ್ಸ್ ಕೇಬಲ್ ಹಾಕಿಸಿಡಿ. ಕರೆಂಟಿನ ವಯರು ಇರುವ ಪೈಪಿನಲ್ಲೇ ಇದನ್ನು ತೂರಿಸಲು ಬಿಡಬೇಡಿ. ಮುರಕಲ್ಲಿನ ಹಳೆಯ ಮನೆಯಲ್ಲಿ ಒಂದೇ ರೂಟರಿನ ವೈಫೈ ಎರಡು ಗೋಡೆ ದಾಟುವಾಗಲೇ ಸುಸ್ತಾಗುತ್ತದೆ. 5 ಗಿಗಾಹರ್ಟ್ಸ್ ವೇಗ ಕೊಡುತ್ತದೆ, ದೂರ ಹೋಗದು. 2.4 ದೂರ ಹೋಗುತ್ತದೆ, ವೇಗ ಕಡಿಮೆ. ದೊಡ್ಡ ಮನೆಗೆ ಕೇಬಲ್ ಎಳೆದು ಇನ್ನೊಂದು ತುದಿಯಲ್ಲಿ ಎರಡನೇ ರೂಟರ್ ಇಡುವುದೇ ಸರಿಯಾದ ದಾರಿ. ರೂಟರನ್ನು ಟಿವಿಯ ಹಿಂದೆ, ಕಬ್ಬಿಣದ ಕಪಾಟಿನ ಒಳಗೆ ಅಡಗಿಸಬೇಡಿ, ಚಂದ ಕಾಣದಿದ್ದರೂ ಪರವಾಗಿಲ್ಲ.

ಕೇಬಲ್‌ನವರು ಬಂದಾಗ ಚಹಾ ಕೊಟ್ಟು ಒಳಗೆ ಹೋಗಬೇಡಿ, ಹತ್ತಿರ ನಿಂತು ನೋಡಿ. ಆ ಕಪ್ಪು ಕೇಬಲಿನ ಒಂದು ಬದಿಯಲ್ಲಿ ಉಕ್ಕಿನ ಸರಿಗೆ ಇರುತ್ತದೆ, ಎಳೆತ ತಡೆಯಲು. ಮನೆಯ ಗೋಡೆಗೆ ಬಂದಾಗ ಆ ಸರಿಗೆಯನ್ನು ಬೇರೆ ಮಾಡಿ ಹೊರಗಿನ ಕೊಕ್ಕೆಗೇ ಕಟ್ಟಿ ಕತ್ತರಿಸಬೇಕು. ಫೈಬರ್ ಇರುವ ತೆಳು ಭಾಗ ಮಾತ್ರ ಒಳಗೆ ಬರಬೇಕು. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ಆದರೆ ಸರಿಗೆ ಒಳಗೆ ಬಂದರೆ ಸಿಡಿಲಿಗೆ ನೀವೇ ದಾರಿ ತೋರಿಸಿದ ಹಾಗೆ. ಗೋಡೆಯ ತೂತಿಗೆ ಹೋಗುವ ಮೊದಲು ಕೇಬಲ್ ಸ್ವಲ್ಪ ಕೆಳಗೆ ಜೋತು ಮತ್ತೆ ಮೇಲೇರಲಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಹಾಗೆ ಬಿಡದಿದ್ದರೆ ನೀರು ಕೇಬಲಿನ ಮೇಲೆ ಜಾರಿ ನೇರ ಮೋಡೆಮಿನ ತಲೆ ಮೇಲೆ ಇಳಿಯುತ್ತದೆ. ಒಳಗೆ ಎಲ್ಲೂ ಚೂಪಾಗಿ ಮಡಚಬಾರದು. ಒಂದೆರಡು ಮೀಟರ್ ಜಾಸ್ತಿ ಕೇಬಲನ್ನು ಅಗಲವಾಗಿ ಸುತ್ತಿ ಬಿಡಲಿ. ಮುಂದೆ ಜೋಡಿಸುವಾಗ ಬೇಕಾಗುತ್ತದೆ.

ಕೊನೆಗೆ ಅವರು ಬೆಳಕು ಎಷ್ಟು ಬರುತ್ತದೆಂದು ಅಳೆಯುವ ಸಣ್ಣ ಕೈ ಮೀಟರನ್ನು ಕೇಬಲಿನ ತುದಿಗೆ ಹಾಕುತ್ತಾರೆ. ಅದರಲ್ಲಿ ಬರುವ ಸಂಖ್ಯೆಯ ಫೋಟೋ ತೆಗೆದಿಟ್ಟುಕೊಳ್ಳಿ. ಮೈನಸ್ 18, ಮೈನಸ್ 22 ಹೀಗೆ ಬಂದರೆ ಒಳ್ಳೆಯದು. ಮೈನಸ್ 27ರ ಹತ್ತಿರ ಬಂದರೆ ಎಲ್ಲೋ ಜೋಡಣೆ ಸರಿ ಇಲ್ಲ, ಇಲ್ಲವೇ ಕೇಬಲ್ ಮಡಚಿದೆ ಎಂದರ್ಥ. ಇವತ್ತು ನಡೆಯುತ್ತದೆ, ಮಳೆಗೆ ನಿಲ್ಲುತ್ತದೆ. ಆಗಲೇ ಸರಿ ಮಾಡಿಸಿ. ಮುಂದೆ ಮೋಡೆಮಿನಲ್ಲಿ 'ಲಾಸ್' ಎಂಬ ಕೆಂಪು ದೀಪ ಮಿನುಗಿದರೆ ಬೆಳಕು ಮನೆಗೆ ಬರುತ್ತಿಲ್ಲ, ಅಂದರೆ ಕೇಬಲ್ ಎಲ್ಲೋ ಕಡಿದಿದೆ. ನೂರು ಸಲ ಆಫ್ ಆನ್ ಮಾಡಿದರೂ ಪ್ರಯೋಜನವಿಲ್ಲ, ನೇರ ಅವರಿಗೇ ಫೋನ್ ಮಾಡಿ. ಕೆಂಪು ದೀಪ ಇಲ್ಲದೆ ನೆಟ್ ಮಾತ್ರ ಇಲ್ಲದಿದ್ದರೆ ಆಗ ಒಮ್ಮೆ ಆಫ್ ಮಾಡಿ ನೋಡಬಹುದು.

ಫೈಬರ್ ಬಂದ ಮೇಲೆ ಎಲ್ಲರ ಫೋನಿನಲ್ಲೂ ವೈಫೈ ಕಾಲಿಂಗ್ ಆನ್ ಮಾಡಿ. ನಿಮ್ಮ ಸಿಮ್ ಕಂಪನಿ ಅದನ್ನು ಕೊಡುತ್ತಿದ್ದರೆ ಅಡುಗೆಮನೆಯ ಸಿಗ್ನಲ್ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಬೇರೆ ಉಪಕರಣ ಬೇಡ. ಅಂಗಡಿಯಲ್ಲಿ ಮಾರುವ ಸಿಗ್ನಲ್ ಬೂಸ್ಟರ್ ತಂದು ಹಾಕಬೇಡಿ, ಪರವಾನಗಿ ಇಲ್ಲದೆ ಅದನ್ನು ಇಡುವುದು ಕಾನೂನಿಗೆ ವಿರುದ್ಧ.

ಕರೆಂಟು, ಸಿಡಿಲು

ಹಳೆಯ ತಾಮ್ರದ ಫೋನಿಗೆ ಕರೆಂಟು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಮನೆ ಕತ್ತಲಾದರೂ ಫೋನು ಇರುತ್ತಿತ್ತು. ಫೈಬರ್ ಫೋನಿಗೆ ಆ ಭಾಗ್ಯವಿಲ್ಲ. ಮೋಡೆಮ್ ಆರಿದರೆ ಎಲ್ಲವೂ ಆರಿತು. ಇನ್ವರ್ಟರ್ ಲೈನಿನಲ್ಲಿ ಮೋಡೆಮಿಗೆ ಒಂದು ಪ್ಲಗ್ ಕೊಡಿಸಿ. ಇನ್ವರ್ಟರ್ ಇಲ್ಲದವರಿಗೆ ರೂಟರಿನ ಸಣ್ಣ ಯುಪಿಎಸ್ ಸಿಗುತ್ತದೆ. ಹೆಚ್ಚಿನ ಮೋಡೆಮುಗಳು 12 ವೋಲ್ಟಿನವು. ಆದರೂ ನಿಮ್ಮ ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿಕೊಂಡೇ ಕೊಳ್ಳಿ.

ಏಪ್ರಿಲ್, ಮೇಯಲ್ಲಿ ಮತ್ತು ತುಲಾ ಮಾಸದ (ಅಕ್ಟೋಬರ್, ನವೆಂಬರ್) ಗುಡುಗು ಮಳೆಯಲ್ಲಿ, ಮಧ್ಯಾಹ್ನ 2ರಿಂದ ರಾತ್ರಿ 10ರ ನಡುವೆ ಸಿಡಿಲಿನ ಅಪಾಯ ಜಾಸ್ತಿ. ಮೋಡ ಕಟ್ಟುವಾಗಲೇ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಗುಡುಗು ಶುರುವಾದ ಮೇಲೆ ಮುಟ್ಟಲು ಹೋಗಬೇಡಿ. ಮೋಡೆಮ್ ಸತ್ತರೆ ಸಾಯಲಿ.

ಬೀಗ ಹಾಕಿ ಊರಿಗೆ ಹೋಗುವ ಮನೆಯಾದರೆ ನೆರೆಯ ಒಬ್ಬರಿಗೆ ಮೋಡೆಮ್ ಎಲ್ಲಿದೆ, ಹೇಗೆ ಆಫ್ ಮಾಡುವುದು ಎಂದು ತೋರಿಸಿಡಿ.

ತಕರಾರು ಬಂದಾಗ

ಮೊದಲು ಲೈನ್ ನೋಡುವವರಿಗೆ ಫೋನು. ಎರಡು ದಿನದಲ್ಲಿ ಆಗದಿದ್ದರೆ ಕಂಪನಿಯ ಕಸ್ಟಮರ್ ಕೇರಿಗೆ ದೂರು ಕೊಟ್ಟು ಡಾಕೆಟ್ ನಂಬರು, ಅಂದರೆ ದೂರಿನ ನಂಬರು ಬರೆದುಕೊಳ್ಳಿ. ಬಾಯಿಮಾತಿನ ದೂರಿಗೆ ಬೆಲೆಯಿಲ್ಲ, ಆ ನಂಬರಿಗೆ ಇದೆ. ಅಲ್ಲಿ ಸರಿಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಬಹುದು, ಇದಕ್ಕೆ ಶುಲ್ಕವಿಲ್ಲ. ಲೈನ್ ಇಲ್ಲದ ದಿನಗಳ ಹಣ ಕಡಿತ ಮಾಡಿ ಎಂದೂ ಅದರಲ್ಲೇ ಕೇಳಿ. ಟ್ರಾಯ್ ಒಬ್ಬೊಬ್ಬರ ದೂರನ್ನು ನೇರ ಬಗೆಹರಿಸುವುದಿಲ್ಲ, ಅಲ್ಲಿಗೆ ಬರೆದು ಕಾಯುತ್ತಾ ಕೂರಬೇಡಿ. ದೂರಸಂಪರ್ಕ ಕಂಪನಿಗಳ ಮೇಲೆ ಗ್ರಾಹಕ ಆಯೋಗಕ್ಕೂ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ.

ಹೊಸ ಮನೆಯ ಟೆರೇಸು ನೋಡಿ "ಇಲ್ಲಿ ಟವರ್ ಹಾಕುತ್ತೇವೆ, ತಿಂಗಳಿಗೆ ಇಷ್ಟು ಬಾಡಿಗೆ, ಟ್ರಾಯ್‌ನ ಅನುಮತಿ ಪತ್ರಕ್ಕೆ ಮೊದಲು ಸ್ವಲ್ಪ ಹಣ ಕಟ್ಟಿ" ಎಂದು ಫೋನ್ ಬಂದರೆ ಇಟ್ಟುಬಿಡಿ. ಟ್ರಾಯ್ ಅಂಥ ಪತ್ರ ಯಾರಿಗೂ ಕೊಡುವುದಿಲ್ಲ. ಜಾಗ ಕೊಟ್ಟವರಿಗೆ ಕಂಪನಿ ಬಾಡಿಗೆ ಕೊಡುತ್ತದೆಯೇ ಹೊರತು ಅವರಿಂದ ದುಡ್ಡು ಕೇಳುವುದಿಲ್ಲ.